ಪಿತೃಪಕ್ಷದ ಆಫರ್ರು

ನಮ್ಮ ಮನೆಯಲ್ಲಿ ಯಾವುದನ್ನೂ ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಪದ್ಧತಿ ಇಲ್ಲ. ದೀಪಾವಳಿಯ ಬಟ್ಟೆ ಆಷಾಢದಲ್ಲಿ ಬರುತ್ತದೆ, ಸ್ವೆಟರು ಏಪ್ರಿಲ್‌ನಲ್ಲಿ, ಕೂಲರು ಡಿಸೆಂಬರ್‌ನಲ್ಲಿ. ಚಳಿಯಲ್ಲಿ ತಂದ ಕೂಲರು ಕೆಲಸ ಮಾಡುತ್ತದೋ ಇಲ್ಲವೋ ಎಂದು ಗೊತ್ತಾಗುವ ಹೊತ್ತಿಗೆ ವಾರಂಟಿಯ ಆಯುಷ್ಯ ಅರ್ಧ ಮುಗಿದಿರುತ್ತದೆ. ಆದರೂ ಈ ಶಿಸ್ತಿನ ಬಗ್ಗೆ ನನಗೆ ಹೆಮ್ಮೆ ಇದೆ. ಹೆಂಡತಿಗೆ ಏನಿದೆ ಎಂದು ಕೇಳುವ ಧೈರ್ಯ ಮಾಡಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ಮಗ, ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಊರಾಚೆಯ ವಾಟರ್ ಪಾರ್ಕಿಗೆ ಹೋಗೋಣ ಅಂದ. "ಹೋಗೋಣ, ಆಫರ್ ಬರಲಿ" ಅಂದೆ.

ಬಂದವು, ಒಂದರ ಹಿಂದೆ ಒಂದು. ಮಾರ್ಚ್‌ನಲ್ಲಿ ಮಹಿಳಾ ದಿನದ ಆಫರ್. ನಮ್ಮಲ್ಲಿರುವ ಇಬ್ಬರು ಮಹಿಳೆಯರಲ್ಲಿ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ನನ್ನ ಲೆಕ್ಕಾಚಾರ ಕಂಡರೆ ತಲೆನೋವು. ಬೇಸಿಗೆಯಲ್ಲಿ ಹಾಲ್ ಟಿಕೆಟ್ ತೋರಿಸಿದವರಿಗೆ ರಿಯಾಯಿತಿ. ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಬೀರುವಿನಲ್ಲಿ ಭದ್ರವಾಗಿತ್ತು, 1994ರದು. ಅದು ನಡೆಯುತ್ತದೆಯೇ ಎಂದು ಫೋನ್ ಮಾಡಿ ಕೇಳಿದೆ. ಆ ಕಡೆಯ ಹುಡುಗಿ ನಗಲಿಲ್ಲ. ಅವಳ ತರಬೇತಿಯನ್ನು ಮೆಚ್ಚಬೇಕು. ಮಳೆಗಾಲಕ್ಕೆ 'ನಾಲ್ವರ ದುಡ್ಡಿಗೆ ಐವರು' ಬಂತು. ನಾವು ನಾಲ್ಕೇ ಜನ. 'ಐದನೆಯವರು ಬೇಕಾಗಿದ್ದಾರೆ' ಎಂದು ಲಿಫ್ಟಿನೊಳಗೆ ಚೀಟಿ ಅಂಟಿಸಿದೆ. ಸಂಜೆ ಹೆಂಡತಿ ಅದನ್ನು ಕಿತ್ತು ತಂದು, ಮಾತಾಡದೆ, ನನ್ನ ಕಾಫಿ ಲೋಟದ ಕೆಳಗೆ ಇಟ್ಟಳು.

ಹೀಗೆ ಎರಡು ವರ್ಷ ಕಳೆಯಿತು. ಈ ಅವಧಿಯಲ್ಲಿ ನಾನು ಸುಮ್ಮನೆ ಕೂತಿರಲಿಲ್ಲ, ಶಾಸ್ತ್ರ ಓದುತ್ತಿದ್ದೆ. ಸಂಜೆ ಏಳರ ಮೇಲೆ ಸೊಪ್ಪಿನವಳು ಕಟ್ಟಿನ ಬೆಲೆ ಅರ್ಧಕ್ಕಿಳಿಸುತ್ತಾಳಲ್ಲ, ಅದೇ ಶಾಸ್ತ್ರ. ಇವತ್ತು ಖಾಲಿ ತಿರುಗಿದ ಜಾಯಿಂಟ್ ವೀಲಿನ ತೊಟ್ಟಿಲನ್ನು ನಾಳೆ ಮಾರಲು ಬರುವುದಿಲ್ಲ. ಜನ ಬರಲಿ ಬಿಡಲಿ, ಕರೆಂಟು ಉರಿಯಬೇಕು, ಸಂಬಳ ಕೊಡಬೇಕು. ಅಮೆರಿಕನ್ ಏರ್‌ಲೈನ್ಸ್ 1985ರ ಜನವರಿಯಲ್ಲಿ ಈ ವಿದ್ಯೆಯಿಂದಲೇ, ಮುಂಚೆ ಕಾಯ್ದಿರಿಸಿದವರಿಗೆ ಅಗ್ಗದ ಸೀಟು ಹಂಚಿ, ಅವಸರದವರಿಂದ ಪೂರ್ತಿ ದುಡ್ಡು ಎತ್ತಿ, ಪೈಪೋಟಿಯವರನ್ನು ಹಣ್ಣು ಮಾಡಿತು. 1955ರಲ್ಲಿ ಒಂದು ಡಾಲರ್ ಪ್ರವೇಶದರದಿಂದ ಶುರುವಾದ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್, 2016ರಲ್ಲಿ ದಿನಗಳಿಗೇ ಜಾತಿ ಮಾಡಿತು: ಬಿಡುವಿನ ದಿನ 95 ಡಾಲರ್, ಸಾಧಾರಣ ದಿನ 105, ನೂಕುನುಗ್ಗಲಿನ ದಿನ 119. ಯಾರಿಗೂ ಬೇಡದ ದಿನವನ್ನು ಹುಡುಕಿದವನೇ ಜಾಣ ಎಂಬುದು ಇದರ ಸಾರ.

ಯಾರಿಗೂ ಬೇಡದ ದಿನ! ಅದಕ್ಕೆ ಡಿಸ್ನಿಯವರು ಕಂಪ್ಯೂಟರ್ ಇಟ್ಟುಕೊಂಡಿರಬಹುದು. ನಮ್ಮಲ್ಲಿ ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ಇದೆ. ಗಣಪತಿ ನೀರಿಗಿಳಿದ ಮೇಲೆ, ದಸರೆಗೆ ಮುಂಚೆ, ಹದಿನೈದು ದಿನ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಕಾರು ಕೊಳ್ಳುವವರೂ ಕೈ ಕಟ್ಟಿ ಕೂತಿರುತ್ತಾರೆ. ಪಿತೃಪಕ್ಷ! ಅದರಲ್ಲೂ ಒಂದು ಬುಧವಾರ. ನೋಡುತ್ತೇನೆ, ಆ ವಾರ ಆನ್‌ಲೈನಿನಲ್ಲಿ ಶೇಕಡಾ 30 ರಿಯಾಯಿತಿ. ಅಮ್ಮನನ್ನು ಮಂಡಿನೋವಿನ ಲೆಕ್ಕದಲ್ಲಿ ಬಿಟ್ಟು ಇಬ್ಬರು ದೊಡ್ಡವರು, ಒಂದು ಮಗು. 4,200 ರೂಪಾಯಿ ಆಗಬೇಕಿದ್ದದ್ದು 2,940ಕ್ಕೆ ಮುಗಿಯಿತು. ಹಣ ವಾಪಸ್ಸಿಲ್ಲ, ದಿನಾಂಕ ಬದಲಾವಣೆ ಇಲ್ಲ ಎಂದು ಕೆಳಗೆ ಬರೆದಿತ್ತು. 1,260 ರೂಪಾಯಿ ಉಳಿಸಿದವನ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ.

ಮಗನ ಸ್ಕೂಲಿಗೆ ರಜಾ ಚೀಟಿ ಬೇಕಿತ್ತು. ಋತುವಿಗೆ ತಕ್ಕ ಸುಳ್ಳು ಹೇಳೋಣವೆಂದು, 'ಮನೆಯಲ್ಲಿ ತಾತನ ಶ್ರಾದ್ಧವಿರುವುದರಿಂದ' ಎಂದು ಬರೆದೆ. ಮಗ ಅದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದ. ಅಮ್ಮನ ಕಣ್ಣು ತುಂಬಿ ಬಂತು. "ಪ್ರತಿವರ್ಷ ನಾನೇ ನೆನಪು ಮಾಡಬೇಕಿತ್ತು. ಈ ಸಲ ನೀನಾಗಿಯೇ ನೋಡಿಕೊಂಡಿದೀಯಲ್ಲೋ. ಹೌದು ಕಣಪ್ಪ, ಬುಧವಾರವೇ ನಿಮ್ಮಪ್ಪನ ಪಕ್ಷ."

ಜೀವನದಲ್ಲಿ ನಾನು ಹೇಳಿದ ಸುಳ್ಳೊಂದು ನಿಜವಾದದ್ದು ಅದೇ ಮೊದಲು. ಇಡೀ ಪಂಚಾಂಗವನ್ನು ಆಫರಿಗಾಗಿ ಜಾಲಾಡಿದ್ದೆ, ಅಪ್ಪನ ತಿಥಿಯೊಂದನ್ನು ಬಿಟ್ಟು.

ವಿಷಯ ಹೊರಬಿದ್ದ ಮೇಲೆ ಅಮ್ಮ ಒಂದು ದಿನ ಮಾತು ಬಿಟ್ಟರು. ಮರುದಿನ ಮೊಮ್ಮಗನ ಮುಖ ನೋಡಿ ಕರಗಿದರು. "ಹಾಳಾಗಿ ಹೋಗಲಿ, ಮಹಾಲಯ ಅಮಾವಾಸ್ಯೆಗೆ ಮಾಡು. ಶಾಸ್ತ್ರದಲ್ಲಿ ಅವಕಾಶ ಇದೆ." ಪುರೋಹಿತರಿಗೆ ಫೋನ್ ಮಾಡಿದೆ. "ಬುಧವಾರ ಖಾಲಿ ಇದ್ದೆನಲ್ಲ ಸ್ವಾಮಿ! ಅಮಾವಾಸ್ಯೆ ಅಂದರೆ ಒಂಬತ್ತು ಮನೆ ಒಪ್ಪಿಕೊಂಡಿದೀನಿ. ಬರ್ತೀನಿ, ಹೊತ್ತಾಗುತ್ತೆ. ದಕ್ಷಿಣೆ ಒಂದು ಸಾವಿರ ಮೇಲೆ ನೋಡಿಕೊಳ್ಳಿ." ಡಿಸ್ನಿಲ್ಯಾಂಡಿನ ಶಾಸ್ತ್ರ ಇವರಿಗೆ ಕರತಲಾಮಲಕವಾಗಿತ್ತು.

ಬುಧವಾರ ಬಂತು. ಪಾರ್ಕು ನಾನು ಊಹಿಸಿದಂತೆಯೇ ಬಿಕೋ ಅನ್ನುತ್ತಿತ್ತು. ಗೆದ್ದೆ ಅಂದುಕೊಂಡು ಗೇಟಿಗೆ ಹೋದರೆ, ಅಲ್ಲೊಂದು ಕಂಬ, ಅದರ ಮೇಲೆ 140 ಸೆಂಟಿಮೀಟರಿಗೆ ಒಂದು ಕೆಂಪು ಗೆರೆ. ಅದರ ಕೆಳಗಿದ್ದರೆ ಮಗು, ದಾಟಿದರೆ ದೊಡ್ಡವರು. ಮಗನನ್ನು ನಿಲ್ಲಿಸಿದರು. 141.

"ಕೂದಲು ಒತ್ತಿ ನೋಡಿ" ಅಂದೆ. ಒತ್ತಿದರು. ಕೂದಲು ಬಗ್ಗಿತು, ಮಗ ಬಗ್ಗಲಿಲ್ಲ. ದೊಡ್ಡವನೆಂದು ಅನ್ನಿಸಿಕೊಂಡ ಹುಮ್ಮಸ್ಸಿಗೆ ಇನ್ನೂ ನೆಟ್ಟಗಾದ. ಕೌಂಟರಿನಲ್ಲಿ ಆಫರ್ ಇಲ್ಲದ್ದರಿಂದ 660 ರೂಪಾಯಿ ವ್ಯತ್ಯಾಸ ಕಟ್ಟಿದೆ.

"ಇಷ್ಟು ಉದ್ದ ಆಗಿದಾನೆ ಅಂತ ನೀನಾದರೂ ಹೇಳಬಾರದಾ?" ಎಂದು ಹೆಂಡತಿಯನ್ನು ಕೇಳಿದೆ.

"ಪ್ಯಾಂಟೆಲ್ಲಾ ಗಿಡ್ಡ ಆಗಿದೆ ಅಂತ ಹೇಳಿದ್ದೆನಲ್ಲಾ ರೀ. ಮುಂದಿನ ಆಷಾಢಕ್ಕೆ ನೋಡೋಣ ಅಂದ್ರಿ."

ಹತ್ತಿ ಬಟ್ಟೆ ಹಾಕಿಕೊಂಡು ನೀರಿಗಿಳಿಯುವಂತಿಲ್ಲ ಎಂಬುದು ಒಳಗೆ ಹೋದ ಮೇಲೆ ತಿಳಿಯಿತು. ನೈಲಾನ್ ಉಡುಪಿಗೆ 700, ಲಾಕರಿಗೆ 150. ಎಲ್ಲ ಮುಗಿಸಿ ಅಲೆಗಳ ಕೊಳಕ್ಕೆ ಕಾಲಿಟ್ಟೆವು, ಗುಡುಗಿತು. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಹೆಚ್ಚು ಮಳೆ ಸುರಿಯುವುದು ಆಷಾಢದಲ್ಲಲ್ಲ, ಸೆಪ್ಟೆಂಬರಿನಲ್ಲಿ. ಆಫರ್ ಕೊಟ್ಟವರಿಗೆ ಇದು ಗೊತ್ತಿತ್ತು, ಇಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆದಿರಲಿಲ್ಲ. ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಹತ್ತಿಸಿದರು. ನೀರಾಟಕ್ಕೆ ದುಡ್ಡು ಕೊಟ್ಟು ಹೋದವರು, ನೀರು ಬಿತ್ತೆಂದು ನೀರಿನಿಂದ ಹೊರಗೆ ಬಂದು, ಶೀಟಿನ ಕೆಳಗೆ ನಡುಗುತ್ತಾ ಎರಡು ಗಂಟೆ ನಿಂತೆವು.

ಮಳೆ ನಿಂತ ಮೇಲೆ ಮಗ, 140 ದಾಟಿದವರಿಗೆ ಮಾತ್ರ ಎಂದು ಬರೆದಿದ್ದ ಗೋಪುರದ ಕಡೆ ಓಡಿದ. ಜೊತೆಗೆ ನಾನೂ ಕೂರಬೇಕಾಯಿತು. ನಿಧಾನವಾಗಿ ಮೇಲಕ್ಕೆತ್ತಿದರು, ಒಂದು ಕ್ಷಣ ನಿಲ್ಲಿಸಿದರು, ಬಿಟ್ಟರು. ನನ್ನ ಬಾಯಿಂದ "ಅಪ್ಪಾ!" ಎಂಬ ಒಂದೇ ಮಾತು ಹೊರಟಿತು. ಪಕ್ಷದ ದಿನ ಪಿತೃಗಳನ್ನು ಅಷ್ಟು ಎತ್ತರದಿಂದ, ಅಷ್ಟು ಭಕ್ತಿಯಿಂದ ಯಾರೂ ಕರೆದಿರಲಾರರು.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಬೆರಳು ಮಡಿಸಿದಳು. 660, 700, 150, ಪುರೋಹಿತರ ಸಾವಿರ. ಉಳಿತಾಯ ಕಳೆದು 1,250 ರೂಪಾಯಿ ಕೈಬಿಟ್ಟಿತ್ತು.

ಅಮಾವಾಸ್ಯೆಯ ದಿನ ಪುರೋಹಿತರು ಬಂದು ಮುಗಿಸುವ ಹೊತ್ತಿಗೆ ಎರಡೂವರೆ. ಎಲೆಯಲ್ಲಿ ವಡೆ, ಪಾಯಸ ಇಟ್ಟುಕೊಂಡು ಟೆರೇಸಿಗೆ ಹೋಗಿ "ಕಾ ಕಾ" ಎಂದು ಕೂಗಿದೆ. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವಂತಿಲ್ಲ. ಒಂದು ಕಾಗೆಯೂ ಬರಲಿಲ್ಲ. ಬಗ್ಗಿ ನೋಡಿದರೆ ಎದುರು ಟೆರೇಸಿನಲ್ಲಿ ಒಬ್ಬರು ಎಲೆ ಹಿಡಿದು ನಿಂತಿದ್ದಾರೆ, ಪಕ್ಕದ ಬೀದಿಯಲ್ಲಿ ಇಬ್ಬರು, ಆಚೆ ಮೂವರು. ಇಡೀ ಬಡಾವಣೆ ಒಟ್ಟಿಗೆ ಕಾ ಕಾ ಎನ್ನುತ್ತಿದೆ. ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಒಂದೇ ಒಂದು ಕಾಗೆ ಹೊಟ್ಟೆ ತುಂಬಿ, ಕತ್ತು ಓರೆ ಮಾಡಿ, ಎಲ್ಲರ ಎಲೆಯನ್ನೂ ಪರಿಶೀಲಿಸುತ್ತಿತ್ತು.

"ನಿಮ್ಮಪ್ಪ ಏನೋ ಮನಸ್ಸಿನಲ್ಲಿಟ್ಟುಕೊಂಡಿದಾರೆ ಕಣೋ. ಇನ್ನು ಮೇಲೆ ಆಫರ್ ಗೀಫರ್ ನೋಡಲ್ಲ ಅಂತ ಕೈಮುಗಿದು ಹೇಳು" ಅಂದರು ಅಮ್ಮ.

ಹೇಳಿದೆ. ಕಾಗೆ ಕದಲಲಿಲ್ಲ. ಅದಕ್ಕೆ ನನ್ನ ಮಾತಿನ ಬೆಲೆ ಗೊತ್ತಿತ್ತು.

ಮಗ ನನ್ನ ಪಕ್ಕದಲ್ಲಿ, ಗಿಡ್ಡ ಪಂಚೆ ಉಟ್ಟು, ಹಸಿದು ನಿಂತಿದ್ದ. "ಅಪ್ಪಾ, ಇದು ಬುಧವಾರ ಖಾಲಿ ಇತ್ತು ಅನ್ಸುತ್ತೆ" ಅಂದ.