ಗಣಕದೇಹದ ಘಟಕಾನುಸಂಧಾನ: ಎಸ್.ಪಿ. ರೋಡನ್ನು ಮುನ್ನೆಲೆಯಲ್ಲಿರಿಸಿಕೊಂಡು ಒಂದು ತಾತ್ವಿಕ ಅಧ್ಯಯನ

ಪೀಠಿಕೆ

ಗೇಮಿಂಗ್ ಪಿಸಿ ಎಂಬುದು ವಸ್ತುವಲ್ಲ, ಅದೊಂದು ಸಂಕಥನ. ಅದನ್ನು ಕೊಂಡುಕೊಳ್ಳಲು ಬರುವುದಿಲ್ಲ, ಕಟ್ಟಿಕೊಳ್ಳಬೇಕಾಗುತ್ತದೆ. ಈ ಕಟ್ಟಿಕೊಳ್ಳುವಿಕೆಯ ಪ್ರಕ್ರಿಯೆಯಲ್ಲಿ ಕೊಳ್ಳುವವನ ಅಸ್ಮಿತೆ, ಮಾರುವವನ ಯಜಮಾನಿಕೆ ಹಾಗೂ ನಡುವೆ ನಿಂತು ಸಲಹೆ ಕೊಡುವವನ ಜ್ಞಾನಮೀಮಾಂಸೆ ಪರಸ್ಪರ ಮುಖಾಮುಖಿಯಾಗುವ ನೆಲೆಗಳನ್ನು ಶೋಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿಯನ್ನು ಬೆಂಗಳೂರಿನ ಟೌನ್ ಹಾಲ್ ಆಸುಪಾಸಿನ ಎಸ್.ಪಿ. ರೋಡಿಗೆ ಸೀಮಿತಗೊಳಿಸಿಕೊಳ್ಳಲಾಗಿದೆ. ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದ ಕಾರಣ ಕ್ಷೇತ್ರಕಾರ್ಯವನ್ನು ಕಾಲ್ನಡಿಗೆಯಲ್ಲಿ ಕೈಗೊಳ್ಳಲಾಯಿತು.

ಈ ವಿಷಯದ ಪೂರ್ವಸೂರಿಗಳೆಲ್ಲ ಯೂಟ್ಯೂಬಿನಲ್ಲಿದ್ದಾರೆ. ಅವರ ಕೃತಿಗಳಲ್ಲಿ ಮಂಗಳಾಚರಣೆಯ ಜಾಗದಲ್ಲಿ ಪ್ರಾಯೋಜಕರ ಸ್ತುತಿ ಇರುತ್ತದೆ. ಅನಂತರ ಕಂಬಗಳ ನಕ್ಷೆ ಬರುತ್ತದೆ. ಒಂದು ಕಂಬದ ಮೇಲೆ 187 ಫ್ರೇಮ್, ಪಕ್ಕದ ಕಂಬದ ಮೇಲೆ 191. ಈ ನಾಲ್ಕು ಫ್ರೇಮುಗಳ ಅಂತರವನ್ನು ಒಬ್ಬರು 'ಅನಾಹುತ' ಎನ್ನುತ್ತಾರೆ, ಇನ್ನೊಬ್ಬರು 'ರಾಕ್ಷಸ' ಎನ್ನುತ್ತಾರೆ. ಸೆಕೆಂಡಿಗೆ 240 ಚಿತ್ರ ತೋರಿಸುವ ಪರದೆಯಲ್ಲಿ ಒಂದು ಚಿತ್ರ ನಿಲ್ಲುವುದು ಸುಮಾರು 4 ಮಿಲಿಸೆಕೆಂಡ್. ಕಂಡದ್ದಕ್ಕೆ ಮನುಷ್ಯನ ಬೆರಳು ಅಲ್ಲಾಡಲು ಹಿಡಿಯುವುದು ಹತ್ತಿರ ಹತ್ತಿರ 200 ಮಿಲಿಸೆಕೆಂಡ್. ಬೀದಿ ಕೊನೆಯ ಕಂಬದಲ್ಲಿ ಫೈಬರ್ ಕಡಿದ ದಿನ ಈ ಎರಡು ಅಂಕಿಗಳಿಗೂ ಅರ್ಥವಿಲ್ಲ. ಆದರೆ ಪೂರ್ವಸೂರಿಗಳನ್ನು ಪ್ರಶ್ನಿಸುವುದು ಸಂಶೋಧನೆಯ ಶಿಸ್ತಿಗೆ ಹೊರತಾದದ್ದು.

ಸಪ್ತಾಂಗ ನಿರೂಪಣೆ

ಕೌಟಿಲ್ಯನು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದ್ದಾನೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಪಿಸಿಗೂ ಅಂಗಗಳು ಏಳೇ ಎಂಬುದು ಪ್ರಸ್ತುತ ಸಂಶೋಧಕನ ಮೌಲಿಕ ಶೋಧ. ಇದಕ್ಕೆ ಮುಂಚೆ ಯಾರೂ ಹೀಗೆ ಹೇಳಿಲ್ಲದಿರುವುದಕ್ಕೆ ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ಸ್ವಾಮಿಯೆಂದರೆ ಪ್ರೊಸೆಸರ್. ಸ್ವಾಮಿಗಳಲ್ಲಿ ಎರಡು ವಂಶ. ಎಎಂಡಿ ವಂಶದವರು 2022ರಿಂದ ಚಿಪ್ಪಿನ ಮೇಲೆ ಇನ್ನೊಂದು 64 ಎಂಬಿ ಕ್ಯಾಶ್ ಪದರ ಅಂಟಿಸಿ, ಹೆಸರಿನ ಕೊನೆಗೆ 'ಎಕ್ಸ್ ತ್ರೀಡಿ' ಎಂಬ ಬಿರುದು ಹಚ್ಚಿ ಆಟದ ರಾಜ್ಯವನ್ನು ಗೆದ್ದರು. ಇಂಟೆಲ್ ವಂಶದ ಹದಿಮೂರು ಮತ್ತು ಹದಿನಾಲ್ಕನೆಯ ತಲೆಮಾರಿನ ದೊಡ್ಡ ಸ್ವಾಮಿಗಳಿಗೆ ರಕ್ತದೊತ್ತಡ ಕಾಣಿಸಿಕೊಂಡಿತು. ಬೇಕಾದುದಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು ಚಿಪ್ ಒಳಗೊಳಗೇ ಕೆಡುತ್ತಿದೆ ಎಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು. ಅದೇ ವರ್ಷ ಹೊಸ ಸಾಕೆಟ್ ಬಂದು, ಹಿಂದಿನ ವರ್ಷ 'ಫ್ಯೂಚರ್ ಪ್ರೂಫ್' ಎಂದು ಮಾರಿದ ಮದರ್‌ಬೋರ್ಡುಗಳ ಫ್ಯೂಚರ್ ಅಲ್ಲಿಗೇ ಮುಗಿಯಿತು.

ಅಮಾತ್ಯನೆಂದರೆ ರ್ಯಾಮ್. ಡಬ್ಬಿಯ ಮೇಲೆ 6000 ಎಂದು ಬರೆದಿರುತ್ತದೆ. ಬಯಾಸ್ ಒಳಹೊಕ್ಕು ಎಕ್ಸ್‌ಪೋ ಎಂಬ ಗುಂಡಿ ಒತ್ತುವ ತನಕ ಈ ಅಮಾತ್ಯ 4800ರಲ್ಲೇ ಕಡತ ನೋಡುತ್ತಿರುತ್ತಾನೆ. ವರ್ಷಗಟ್ಟಲೆ ಹಾಗೇ ನೋಡಿಸಿಕೊಂಡು, ತಾವು 6000ದ ಒಡೆಯರೆಂದು ನಂಬಿರುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರ ಸುಖವನ್ನು ಕೆಡಿಸುವ ಇರಾದೆ ಈ ಪ್ರಬಂಧಕ್ಕಿಲ್ಲ.

ಜನಪದವೆಂದರೆ ಮದರ್‌ಬೋರ್ಡ್. ಎಲ್ಲರೂ ಅದರ ಮೇಲೆಯೇ ನಿಂತಿರುತ್ತಾರೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ದುರ್ಗವೆಂದರೆ ಕ್ಯಾಬಿನೆಟ್. ಕೋಟೆಗೆ ಗಾಜಿನ ಗೋಡೆ ಕಟ್ಟಿಸಿ, ಒಳಗೆ ದೀಪ ಹಚ್ಚಿ, ಶತ್ರುವಿಗೆ ಎಲ್ಲವೂ ಕಾಣಲಿ ಎನ್ನುವ ರಾಜನನ್ನು ಕೌಟಿಲ್ಯ ಊಹಿಸಿಯೂ ಇರಲಿಲ್ಲ. ದೀಪಗಳ ವಿಷಯ ಬಂದಾಗ ಅಲಂಕಾರಶಾಸ್ತ್ರಕ್ಕೂ ಒಂದು ಸಣ್ಣ ಪ್ರವೇಶ ಅನಿವಾರ್ಯ. ಭರತಮುನಿಗೆ ಎಂಟು ರಸ ಸಾಕಾಗಿತ್ತು. ಆರ್‌ಜಿಬಿ ಫ್ಯಾನಿಗೆ 1,67,77,216 ಬಣ್ಣ. ಇಷ್ಟಿದ್ದೂ ಕೊಂಡವರೆಲ್ಲ ಕಾಮನಬಿಲ್ಲು ಸುತ್ತುವ ಒಂದೇ ಒಂದು ಕ್ರಮದಲ್ಲಿ ಅದನ್ನು ಬಿಟ್ಟಿರುತ್ತಾರೆ, ಯಾಕೆಂದರೆ ಬದಲಿಸುವ ಸಾಫ್ಟ್‌ವೇರ್ ತೆರೆಯುವಷ್ಟರಲ್ಲಿ ಸಹನೆ ಮುಗಿದಿರುತ್ತದೆ.

ಕೋಶವೆಂದರೆ ಎಸ್‌ಎಂಪಿಎಸ್. ಇದರಲ್ಲಿ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ಟೈಟೇನಿಯಂ ಎಂಬ ದರ್ಜೆಗಳಿವೆ. ಅಕ್ಷಯ ತೃತೀಯಕ್ಕೆ ಹೊರಟವರ ಮುಖಭಾವದಲ್ಲೇ ಜನ ಇದನ್ನು ಕೇಳುತ್ತಾರೆ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಒಳಕ್ಕೆ ಹೋಗುತ್ತದೆ, ಎಷ್ಟು ಬಿಸಿಯಾಗಿ ಹಾಳಾಗುತ್ತದೆ ಎಂಬುದಷ್ಟೇ ಈ ದರ್ಜೆಯ ಅರ್ಥ. ಅರ್ಧ ಲೋಡಿನಲ್ಲಿ ಚಿನ್ನದ್ದು ಸುಮಾರು 90 ಶೇಕಡ ದಾಟಿಸುತ್ತದೆ. ಡಬ್ಬಿಯೊಳಗಿನ ಕೆಪಾಸಿಟರ್ ಎಂಥದು, ಶಾರ್ಟ್ ಆದರೆ ತಾನೇ ಕಳಚಿಕೊಳ್ಳುತ್ತದೆಯೇ ಎಂಬುದನ್ನು ಚಿನ್ನ ಹೇಳುವುದಿಲ್ಲ. ಬಜೆಟ್ ಮೀರಿದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಉಳಿದ ಆರೂ ಅಂಗಗಳನ್ನು ಸುಟ್ಟುಹಾಕುವ ಶಕ್ತಿ ಇರುವುದೂ ಇದೊಂದಕ್ಕೇ.

ಮಿತ್ರನೆಂದರೆ ಮಾನಿಟರ್. ಇನ್ನು ಕೂಲರ್? ಕೌಟಿಲ್ಯನಲ್ಲಿ ಕೂಲರಿಗೆ ಜಾಗವಿಲ್ಲ. ಎಸ್‌ಎಸ್‌ಡಿಗೂ ಇಲ್ಲ. ಕೀಬೋರ್ಡನ್ನು ಎಲ್ಲಿ ಇಡಬೇಕೋ ತಿಳಿಯದು. ಆದ್ದರಿಂದ ಸಪ್ತಾಂಗ ಸಿದ್ಧಾಂತವನ್ನು ಇಲ್ಲಿಗೆ ಕೈಬಿಡಲಾಗಿದೆ.

ಲೇಪನ ಭೇದ

ಪ್ರೊಸೆಸರಿನ ನೆತ್ತಿಗೂ ಕೂಲರಿನ ಪಾದಕ್ಕೂ ನಡುವೆ ಹಚ್ಚುವ ಬೂದು ಬಣ್ಣದ ಲೇಪನದ ವಿಷಯದಲ್ಲಿ ಮೂರು ಮತಗಳಿವೆ. ನಡುವೆ ಒಂದೇ ಚುಕ್ಕೆ ಸಾಕೆನ್ನುವವರು ಅದ್ವೈತಿಗಳು. ಎರಡು ಗೆರೆ ಎಳೆಯಲೇಬೇಕೆನ್ನುವವರು ದ್ವೈತಿಗಳು. ಚುಕ್ಕೆಯನ್ನೇ ಇಟ್ಟು ಅದನ್ನು ಹಳೆಯ ಎಟಿಎಂ ಕಾರ್ಡಿನಿಂದ ಸವರಿ ಅಗಲಿಸುವವರು ವಿಶಿಷ್ಟಾದ್ವೈತಿಗಳು. ವಾದ ಇನ್ನೂ ನಡೆಯುತ್ತಿದೆ. ಕೂಲರನ್ನು ಅದುಮಿ ನಾಲ್ಕು ಸ್ಕ್ರೂ ಬಿಗಿದ ಮೇಲೆ ಒಳಗೆ ಮೂರೂ ಒಂದೇ ಆಗಿರುತ್ತವೆ. ಉಷ್ಣಾಂಶದಲ್ಲಿ ಒಂದೆರಡು ಡಿಗ್ರಿ ಆಚೀಚೆ.

'ಬಾಟಲ್‌ನೆಕ್' ಚರ್ಚೆಯೂ ಇದೇ ಜಾತಿಯದು. ಪೂರ್ವಪಕ್ಷ: ಈ ಪ್ರೊಸೆಸರ್ ಆ ಕಾರ್ಡನ್ನು ತಡೆಯುತ್ತದೆ. ಸಿದ್ಧಾಂತ: ಯಾವುದಾದರೊಂದು ತಡೆಯಲೇಬೇಕು, ಯಾವುದೂ ತಡೆಯದಿದ್ದರೆ ಫ್ರೇಮುಗಳು ಅನಂತವಾಗುತ್ತವೆ. ಈ ಸರಳ ಮಾತನ್ನು ಹೇಳಿಬಿಟ್ಟರೆ ಸಲಹೆಗಾರರ ಅರ್ಧ ಅಂಗಡಿ ಮುಚ್ಚುತ್ತದೆ. ಹಾಗಾಗಿ ಯಾರೂ ಹೇಳುವುದಿಲ್ಲ.

ದಂಡಪ್ರಕರಣ

ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು ಗ್ರಾಫಿಕ್ಸ್ ಕಾರ್ಡ್. ಬಿಲ್ಲಿನ ಅರ್ಧವನ್ನು ಇದೊಂದೇ ತಿನ್ನುತ್ತದೆ.

ಶಾಸ್ತ್ರದಲ್ಲಿ ಅರುಂಧತೀ ನ್ಯಾಯವೆಂದು ಒಂದಿದೆ. ಮಸುಕಾದ ಅರುಂಧತಿಯನ್ನು ತೋರಿಸಲು ಮೊದಲು ಪಕ್ಕದ ದೊಡ್ಡ ನಕ್ಷತ್ರವನ್ನು ತೋರಿಸಿ, ಅಲ್ಲಿಂದ ಕಣ್ಣನ್ನು ಚಿಕ್ಕದರ ಕಡೆಗೆ ಸರಿಸುವುದು. ಎಸ್.ಪಿ. ರೋಡಿನಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಚಿಕ್ಕ ಕಾರ್ಡನ್ನು ತೋರಿಸುತ್ತಾರೆ. ಆಮೇಲೆ, "ಸಾರ್, ಇನ್ ಮೂರ್ ಸಾವ್ರ ಹಾಕಿದ್ರೆ ಟಿಐ ಬರುತ್ತೆ." ಟಿಐ ಕೈಗೆ ಬಂದ ಮೇಲೆ, "ಇಷ್ಟ್ ಹಾಕಿದೀರಾ, ಇನ್ನೈದು ಹಾಕ್ಬಿಡಿ, ಹದಿನಾರು ಜಿಬಿ." ಪ್ರತಿ ಮೆಟ್ಟಿಲೂ ಚಿಕ್ಕದು. ಏಣಿಯ ತುದಿಯಲ್ಲಿ ಮಾತ್ರ ಆಕಾಶ.

ಅಕ್ಕನ ಮಗನೊಂದಿಗೆ ಹೋಗಿದ್ದಾಗ ಅವನ ಕಾಲೇಜಿನ ಸೀನಿಯರ್ ಒಬ್ಬರು ಮಾರ್ಗದರ್ಶಕರಾಗಿ ಬಂದಿದ್ದರು. "ಎಯ್ಟ್ ಜಿಬಿ ತಗೊಂಡ್ರೆ ಮುಗೀತು ಬ್ರೋ, ಎರಡು ವರ್ಷಕ್ಕೆ ಇ-ವೇಸ್ಟ್" ಎಂದರು. ಹುಡುಗ ನನ್ನ ಮುಖ ನೋಡಿದ. "ಮಾಮಾ, ಸಾಕಾಗತ್ತಲ್ವಾ ನಂಗೆ?" ಎಂದು ಮೆಲ್ಲಗೆ ಕೇಳಿದ. ಅವನು ಆಡಬೇಕೆಂದಿದ್ದ ಆಟಗಳಿಗೆ ಧಾರಾಳವಾಗಿ ಸಾಕಾಗುತ್ತಿತ್ತು. ಆದರೆ 'ಸಾಕು' ಎಂದವನನ್ನು ನೋಡಿ ಮಾರ್ಗದರ್ಶಕರು ನಕ್ಕ ಆ ನಗು ಇದೆಯಲ್ಲ, ಈ ಪ್ರಬಂಧ ಹುಟ್ಟಿದ್ದು ಅದರಿಂದ. ನನಗೆ ಗೊತ್ತಿದೆ, ನಿನಗೆ ಗೊತ್ತಿಲ್ಲ, ಆದ್ದರಿಂದ ನಿನ್ನಪ್ಪ ಇನ್ನೂ ಇಪ್ಪತ್ತು ಸಾವಿರ ಕೊಡಲಿ ಎನ್ನುವ ನಗು. ಸೆಮಿನಾರುಗಳಲ್ಲಿ 'ನೆಲೆ', 'ಮುನ್ನೆಲೆ', 'ಅನುಸಂಧಾನ' ಎಂದು ಗಂಟೆಗಟ್ಟಲೆ ಕೊರೆಯುವವರ ತುಟಿಯ ಮೇಲೆಯೂ ಇದೇ ನಗುವನ್ನು ಕಂಡಿದ್ದೇನೆ. ಅಲ್ಲಿ ಕಳೆದುಹೋಗುವುದು ಒಂದು ಮಧ್ಯಾಹ್ನ ಮಾತ್ರ.

ಏಣಿಯ ತುದಿಯಲ್ಲಿ ಏನಿದೆ ಎಂಬುದನ್ನೂ ದಾಖಲಿಸಬೇಕು. 2025ರ ಜನವರಿಯಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 5090 ಬಂತು. ಭಾರತಕ್ಕೆ ಕಂಪನಿ ಹೇಳಿದ ಆರಂಭದ ಬೆಲೆ 2,14,000 ರೂಪಾಯಿ. ಅಂಗಡಿಯ ಬೆಲೆ ಬೇರೆ ಲೋಕದ್ದು. ಅದು ಉಣ್ಣುವುದು 575 ವ್ಯಾಟ್, ಅದೂ 12 ವೋಲ್ಟಿನಲ್ಲಿ. ಭಾಗಿಸಿದರೆ ಸುಮಾರು 48 ಆಂಪಿಯರ್. ಮನೆಯ ಗೀಸರಿಗೆ ಹಾಕಿಸುವ ದಪ್ಪ ಪ್ಲಗ್ಗಿನ ಮೇಲೆ ಬರೆದಿರುವುದು 16. ಈ 48ನ್ನು ಹೆಬ್ಬೆರಳಿನಷ್ಟಗಲದ ಒಂದು ಕನೆಕ್ಟರಿನ ಆರು ಸಣ್ಣ ಪಿನ್ನುಗಳು ಹಂಚಿಕೊಂಡು ಹೊರಬೇಕು. ಒಂದು ಪಿನ್ ಸರಿಯಾಗಿ ಕೂರದಿದ್ದರೆ ಅದರ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. 2022ರ ಕೆಲವು 4090 ಕಾರ್ಡುಗಳ ಕನೆಕ್ಟರುಗಳು ಹೀಗೇ ಕರಗಿ ಕಪ್ಪಾದವು. ಪೂರ್ತಿ ಒತ್ತಿ ಕೂರಿಸದ ಬಳಕೆದಾರರದೇ ತಪ್ಪೆಂಬ ಮಾತು ಆಗ ಎಲ್ಲ ಕಡೆ ಕೇಳಿಬಂತು. ಲಕ್ಷಗಟ್ಟಲೆ ರೂಪಾಯಿಯ ಸಾಮಾನು ಕೊಂಡು, ಅದು ಸುಟ್ಟರೆ ಬೆರಳಿನ ಬಲ ಸಾಲದೆಂದು ಬೈಸಿಕೊಳ್ಳಬೇಕು.

ಇಲ್ಲಿ ಪ್ರಬಂಧದ ಭಾಷೆ ಸ್ವಲ್ಪ ಕೆಡುತ್ತದೆ, ಕ್ಷಮಿಸಿ.

2020ರ ಸೆಪ್ಟೆಂಬರಿನಲ್ಲಿ 3080 ಕಾರ್ಡಿಗೆ 699 ಡಾಲರ್ ಎಂದು ಸಾರಿದರು. ಆ ಬೆಲೆಗೆ ಕಾರ್ಡನ್ನು ಕಂಡವರನ್ನು ನಾನು ಕಂಡಿಲ್ಲ. ಕ್ರಿಪ್ಟೋ ನಾಣ್ಯ ಅಗೆಯುವವರು ಮೂಟೆಗಟ್ಟಲೆ ಒಯ್ದರು. ಇಲ್ಲಿ ಒಂದು ಅಂಗಡಿಯಲ್ಲಿ, ಕಾರ್ಡ್ ಬೇಕಿದ್ದರೆ ಜೊತೆಗೆ ಬೇಡದ ಮಾನಿಟರನ್ನೂ ಎಸ್‌ಎಂಪಿಎಸ್ಸನ್ನೂ ಕೊಳ್ಳಬೇಕೆಂದರು. 'ಕಾಂಬೊ ಆಫರ್' ಎಂದರು! ಆಫರ್ ಅಂತೆ. ಮಗನ ಕೈಹಿಡಿದು ಬಂದಿದ್ದ ಒಬ್ಬರು ಲೆಕ್ಕ ಹಾಕಿ, ಏನೂ ಹೇಳದೆ ವಾಪಸ್ ಹೋದರು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ತನ್ನ ವಿಧಾನ ಬದಲಿಸಿದ್ದರಿಂದ ಅದನ್ನು ಕಾರ್ಡುಗಳಲ್ಲಿ ಅಗೆಯುವುದು ನಿಂತಿತು. ಹಗಲೂ ರಾತ್ರಿ ಬೆಂದಿದ್ದ ಕಾರ್ಡುಗಳ ಧೂಳು ಒರೆಸಿ, 'ಲೈಟ್ ಯೂಸ್' ಎಂದು ಬರೆದು ಅದೇ ಹುಡುಗರಿಗೆ ಮಾರಿದರು. ಅಬ್ಬಾ ಅನ್ನುವಷ್ಟರಲ್ಲಿ ಎಐ ಬಂತು. ಈಗ ಮೆಮೊರಿ ಚಿಪ್ಪುಗಳೆಲ್ಲ ಡೇಟಾ ಸೆಂಟರಿನ ಹೊಟ್ಟೆಗೆ. 2025ರ ಕೊನೆಗೆ ರ್ಯಾಮ್ ಬೆಲೆ ಗಗನಕ್ಕೇರಿತು. ಸುಮಾರು ಮೂರು ದಶಕ ಮನೆಬಳಕೆಯವರಿಗೆ ರ್ಯಾಮ್ ಮಾರಿದ ಕ್ರೂಷಿಯಲ್ ಬ್ರ್ಯಾಂಡನ್ನು ಮುಚ್ಚುವುದಾಗಿ ಅದರ ಒಡೆಯ ಮೈಕ್ರಾನ್ ಡಿಸೆಂಬರಿನಲ್ಲಿ ಪ್ರಕಟಿಸಿತು. ಹದಿನೇಳು ವರ್ಷದ ಹುಡುಗ ಸಂಜೆ ಎರಡು ಗಂಟೆ ಆಡಲು ಕೇಳಿದ ಯಂತ್ರ ಇದು. ಲೋಕದ ಯಾವ ಸಟ್ಟಾ ಶುರುವಾದರೂ ಮೊದಲು ಇವನ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಂಡದ್ದು ಸಾಲದೆಂದು ಸೀನಿಯರ್ ಬಂದು ನಗುತ್ತಾರೆ.

ಶೇಷಪ್ರಕರಣ

ಕೊನೆಗೆ ಪಿಸಿ ಆಯಿತು. ಕಾರ್ಡು ಹದಿನಾರು ಜಿಬಿಯದೇ. ಅದು ಮನೆಗೆ ಬಂದ ಮೇಲೆ ಒಂದು ಸಂಜೆ ಹೋಗಿ ನೋಡಿದರೆ, ಪರದೆಯ ಮೇಲೆ ಮಳೆ ಸುರಿಯುತ್ತಿತ್ತು. ಒದ್ದೆ ರಸ್ತೆಯಲ್ಲಿ ಅಂಗಡಿಯ ದೀಪಗಳು ಉದ್ದುದ್ದ ಮಿನುಗುತ್ತಿದ್ದವು. ಇಷ್ಟು ಚೆಂದದ ಮಳೆಯನ್ನು ಲೆಕ್ಕ ಹಾಕಿ ಬರೆಯುವ ಯಂತ್ರವೊಂದಿದೆಯೆಂದು ನನಗೆ ನಿಜಕ್ಕೂ ಬೆರಗಾಯಿತು. ಹುಡುಗ ಮಳೆಯನ್ನು ನೋಡುತ್ತಿರಲಿಲ್ಲ. ಎಡಮೂಲೆಯಲ್ಲಿ ಹಸಿರು ಅಕ್ಷರದಲ್ಲಿ ಏರಿಳಿಯುತ್ತಿದ್ದ ಅಂಕಿಯನ್ನು ನೋಡುತ್ತಿದ್ದ. "ತೊಂಬತ್ತಕ್ಕೆ ಇಳೀತಿದೆ ಮಾಮಾ, ಏನೋ ಸರಿ ಇಲ್ಲ." ಅದನ್ನು ಆಫ್ ಮಾಡೋ ಎಂದೆ. ಮಾಡಲಿಲ್ಲ. ಮೊದಲೆಲ್ಲ ಅಪ್ಪನ ಹಳೆಯ ಲ್ಯಾಪ್‌ಟಾಪಿನಲ್ಲಿ, ಕಾರು ತಡವರಿಸಿ ತಡವರಿಸಿ ಓಡುವಾಗ ಕೂಗಾಡಿಕೊಂಡು ಆಡುತ್ತಿದ್ದವನು. ಈಗ ಆಟ ಬದಿಗಿಟ್ಟು ಯಂತ್ರದ ಜ್ವರ ನೋಡುತ್ತಾ ಕೂರುತ್ತಾನೆ. ಇದನ್ನು ಅವನಿಗೆ ಯಾರು ಕಲಿಸಿದರೆಂದು ಬೇರೆ ಹೇಳಬೇಕಿಲ್ಲ.

ಇಡೀ ಅಧ್ಯಯನದಲ್ಲಿ ಜೋಡಣೆ ಬಲ್ಲವನೆಂದು ಹೇಳಬಹುದಾದವನು ಒಬ್ಬನೇ ಸಿಕ್ಕಿದ. ಅಂಗಡಿಯ ಅಟ್ಟದ ಮೇಲೆ, ಟ್ಯೂಬ್‌ಲೈಟಿನ ಕೆಳಗೆ ಕೂತು ಪಿಸಿ ಕಟ್ಟುವ ಉತ್ತರ ಕರ್ನಾಟಕದ ಕಡೆಯ ಹುಡುಗ. ಪವರ್ ಸ್ವಿಚ್ಚಿನ ಆ ಜೋಳದ ಕಾಳಿನಷ್ಟು ಕನೆಕ್ಟರುಗಳನ್ನು ಮ್ಯಾನ್ಯುಯಲ್ ನೋಡದೆ, ಮೊಬೈಲ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದೊಂದಾಗಿ ಚುಚ್ಚಿದ. ರ್ಯಾಮನ್ನು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿದ. ಕಾರ್ಡಿನ ಕನೆಕ್ಟರನ್ನು 'ಟಕ್' ಎನ್ನುವವರೆಗೆ ಒತ್ತಿ, ಎಳೆದು ನೋಡಿ, ಮತ್ತೆ ಒತ್ತಿದ. ಮಾರ್ಗದರ್ಶಕರು ಬಾಟಲ್‌ನೆಕ್ ಬಗ್ಗೆ ಕೇಳಿದ್ದಕ್ಕೆ "ಅದೇನ್ ಗೊತ್ತಿಲ್ರಿ ಸರ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾರ, ಮನ್ಯಾಗ ಅರ್ತಿಂಗ್ ಐತೇನ್ರಿ?" ಎಂದು ಕೇಳಿದ. ಅಷ್ಟೂ ವಿಡಿಯೊಗಳಲ್ಲಿ, ಅಷ್ಟೂ ಚರ್ಚೆಯಲ್ಲಿ ಯಾರೂ ಕೇಳಿರದ ಪ್ರಶ್ನೆ. "ಸೈಡಿನ ಗ್ಲಾಸ್ ತಗದು ಟೈಲ್ಸ್ ಮ್ಯಾಲ ಇಡಬ್ಯಾಡ್ರಿ, ಮೂಲಿ ತಾಗಿದ್ರ ಪುಡಿಪುಡಿ ಆಕ್ಕೈತಿ. ಮಾನಿಟರ್ ವಾಯರ್ ಬೋರ್ಡಿಗೆ ಹಾಕಬ್ಯಾಡ್ರಿ, ಕಾರ್ಡಿಗೆ ಹಾಕ್ರಿ." ಬಿಲ್ಲಿನಲ್ಲಿ ಅವನ ಕೆಲಸಕ್ಕೆ 'ಅಸೆಂಬ್ಲಿ: ಫ್ರೀ' ಎಂದು ಬರೆದಿತ್ತು.

ಎಸ್.ಪಿ. ರೋಡಿಗೆ ಹೊರಟಿರುವ ಓದುಗರಲ್ಲಿ ವಿನಂತಿ. ಶೇಕಡ 18ರ ಜಿಎಸ್‌ಟಿ ಉಳಿಯುತ್ತದೆಂದು ಬಿಲ್ ಬಿಡಬೇಡಿ, ವಾರಂಟಿ ಕೇಳುವಾಗ ಅದೇ ಕಾಗದ ಬೇಕಾಗುತ್ತದೆ. ಪಿಸಿ ತರುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ, ಆ ಪ್ಲಗ್ಗಿಗೆ ಮೀಟರ್ ಹಿಡಿಸಿ ಅರ್ತಿಂಗ್ ನೋಡಿಸಿ. ಅಟ್ಟದ ಮೇಲೆ ಕೂತ ಹುಡುಗನಿಗೆ ಮಾಲೀಕರ ಮುಖಾಂತರವಲ್ಲದೆ, ನೇರ ಅವನ ಕೈಗೇ ಏನಾದರೂ ಕೊಡಿ.