ಮೆಕೆಂಜಿ ಕುಲನಾಮ ಮೀಮಾಂಸೆ ಅಥವಾ ಕಳೆದುಹೋದ ‘ಞ’ಕಾರ

ಮೆಕೆಂಜಿ ಎಂಬ ಕುಲನಾಮದ ಅಧ್ಯಯನ ಬಹುಕಾಲದಿಂದ ಒಂದು ಕೊರತೆಯಿಂದ ನರಳುತ್ತಿದೆ. ಸ್ಕಾಟ್ಲೆಂಡಿನ ಪಂಡಿತರಿಗೆ ಕನ್ನಡ ಬಾರದು, ಕನ್ನಡದ ಪಂಡಿತರಿಗೆ ಗೇಲಿಕ್ ಬಾರದು. ಪ್ರಸ್ತುತ ಪ್ರಬಂಧಕಾರರಿಗೆ ಎರಡೂ ಅಷ್ಟಕ್ಕಷ್ಟೇ ಆದ್ದರಿಂದ ಪಕ್ಷಪಾತವಿಲ್ಲದ ತೀರ್ಪಿಗೆ ಅವರೇ ತಕ್ಕವರು.

ಮೊದಲು ಪೂರ್ವಪಕ್ಷ. ‘ಮೆಕೆಂಜಿ’ಯಲ್ಲಿ ‘ಮೆಕ್ಕೆ’ಯೂ ‘ಗಂಜಿ’ಯೂ ಅಡಗಿರುವುದು ಕಿವಿಯಿದ್ದವರಿಗೆಲ್ಲ ಕೇಳಿಸುತ್ತದೆ. ಮೆಕ್ಕೆಜೋಳದ ಗಂಜಿ ಕುಡಿದವರು ಮೆಕ್ಕೆಗಂಜಿಗಳು. ಗಕಾರ ಲೋಪವಾಗಿ ಮೆಕೆಂಜಿಗಳು. ಸ್ಕಾಟರು ಗಂಜಿಪ್ರಿಯರೆಂಬುದಕ್ಕೆ ಶತ್ರುವಿನ ಸಾಕ್ಷ್ಯವೇ ಇದೆ: ಇಂಗ್ಲೆಂಡಿನ ಕುದುರೆಗಳು ತಿನ್ನುವ ಓಟ್ಸನ್ನು ಸ್ಕಾಟ್ಲೆಂಡಿನಲ್ಲಿ ಮನುಷ್ಯರೇ ತಿನ್ನುತ್ತಾರೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲೇ ಚುಚ್ಚಿದ್ದಾನೆ. ಆದರೆ ಅದು ಓಟ್ಸ್ ಗಂಜಿ. ಮೆಕ್ಕೆಜೋಳ ಅಮೆರಿಕದ ಆಚೆ ಕಾಲಿಟ್ಟದ್ದೇ ಕೊಲಂಬಸ್ಸನ ನಂತರ. ಈ ಕುಲವೋ ಅದಕ್ಕಿಂತ ಹಳೆಯದು. ಸಿದ್ಧಾಂತ ಒಲೆಯ ಮೇಲೇ ಸೀದುಹೋಯಿತು.

ಹೆಸರಿನ ನಿಜವಾದ ಮೂಲ ಗೇಲಿಕ್ ಭಾಷೆಯ ‘ಮಾಕ್ ಕೊಞಿಹ್’. ‘ಮಾಕ್’ ಎಂದರೆ ಮಗ. (ಕನ್ನಡಾಭಿಮಾನಿಗಳು ಇಲ್ಲಿ ಚಪ್ಪಾಳೆ ತಟ್ಟಬಾರದು, ಅದೇ ಪದ ವೇಲ್ಸ್‌ನಲ್ಲಿ ‘ಮಾಬ್’ ಆಗಿ ನಮ್ಮ ಕೈಬಿಡುತ್ತದೆ.) ಉಳಿದ ಭಾಗ ಇಂಗ್ಲಿಷಿನಲ್ಲಿ ಕೆನೆತ್ ಎಂದಾದ ಹೆಸರು, ಅರ್ಥ ‘ಚೆಲುವ’. ಹಾಗಾಗಿ ಮೆಕೆಂಜಿ ಎಂದರೆ ಚೆಲುವಯ್ಯನ ಮಗ. ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ಕಿಂಟೇಲ್ ಇವರ ಹಳೆಯ ನೆಲೆ. ಅಲ್ಲಿಂದ ಲೂಯಿಸ್ ದ್ವೀಪದವರೆಗೂ ಹಬ್ಬಿದರು.

ಚೆಲುವಯ್ಯನ ಮಗನಾಗಿರುವುದು ಕುಲದ ದೊರೆಗಳಿಗೆ ಸಾಲದಾಯಿತು. 17ನೇ ಶತಮಾನದ ಹೊತ್ತಿಗೆ ವಂಶಾವಳಿಯಲ್ಲಿ ಕಾಲಿನ್ ಫಿಟ್ಸ್‌ಜೆರಾಲ್ಡ್ ಎಂಬ ಐರಿಷ್ ಶೂರ ಭದ್ರವಾಗಿ ಕೂತಿದ್ದ. ಬೇಟೆಯಲ್ಲಿ ಮೂರನೇ ಅಲೆಕ್ಸಾಂಡರ್ ದೊರೆಯ ಮೇಲೆ ಸಾರಂಗವೊಂದು ನುಗ್ಗಿದಾಗ, ಇವನು ‘ರಾಜನಿಗೆ ನೆರವಾಗಿ’ ಎಂದು ಕೂಗಿ ಅದನ್ನು ಕೊಂದನಂತೆ. ಕೊಂಬಿನ ತಲೆ ಲಾಂಛನವಾಯಿತು, ಕೂಗು ಘೋಷವಾಕ್ಯವಾಯಿತು. ‘ಹೊಯ್ ಸಳ’ ಎಂಬ ಕೂಗಿನಿಂದ ಒಂದು ರಾಜವಂಶವನ್ನೇ ಹುಟ್ಟಿಸಿ, ಹುಲಿಯನ್ನು ಬೇಲೂರಿನ ಗುಡಿಯಲ್ಲಿ ನಿಲ್ಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಲ್ಲಿನ ಬದಲು ಕ್ಯಾನ್ವಾಸು: ಕುಲದ ಯಜಮಾನರ ಕೋರಿಕೆಯಂತೆ ಬೆಂಜಮಿನ್ ವೆಸ್ಟ್ 1786ರಲ್ಲಿ ಗೋಡೆಯಷ್ಟು ದೊಡ್ಡ ಚಿತ್ರ ಬರೆದುಕೊಟ್ಟ. ಚಿತ್ರ ಎಡಿನ್‌ಬರೋದ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಇತಿಹಾಸಕಾರರು ಮಾತ್ರ ಫಿಟ್ಸ್‌ಜೆರಾಲ್ಡ್‌ನನ್ನು ವಂಶಾವಳಿಯಿಂದ ಹೊಡೆದುಹಾಕಿದ್ದಾರೆ. ಸಾರಂಗವನ್ನು ಯಾರೂ ಪ್ರಶ್ನಿಸಿಲ್ಲ.

ಇನ್ನು ಈ ಪ್ರಬಂಧದ ತಿರುಳು. ಹೆಸರಿನ ಕೊನೆಯ ‘ಜಿ’ ಎಲ್ಲಿಂದ ಬಂತು? ಅಚ್ಚುಮೊಳೆಯ ಬಡತನದಿಂದ. ಹಳೆಯ ಸ್ಕಾಟ್ಸ್ ಬರಹದಲ್ಲಿ ‘ಯೋಖ್’ ಎಂಬ ಬಾಲದ ಅಕ್ಷರವಿತ್ತು. ನಕಾರದ ಜೊತೆ ಸೇರಿದರೆ ಅದು ಹೆಚ್ಚುಕಡಿಮೆ ನಮ್ಮ ಙ, ಞಗಳ ಕೆಲಸ ಮಾಡುತ್ತಿತ್ತು. 1508ರಲ್ಲಿ ಎಡಿನ್‌ಬರೋದಲ್ಲಿ ಮುದ್ರಣ ಶುರುವಾದ ಮೇಲೆ ಆ ಮೊಳೆ ಇಲ್ಲದ ಮುದ್ರಕರು, ನೋಡಲು ಅದರಂತೆಯೇ ಇದ್ದ ರೋಮನ್ ಲಿಪಿಯ ಕೊನೆಯ ಅಕ್ಷರವನ್ನು ಜೋಡಿಸಿದರು. ಜನ ಬಹುಕಾಲ ಬರೆದದ್ದನ್ನು ಲೆಕ್ಕಿಸದೆ ‘ಮೆಕಿಂಗಿ’ ಎಂದೇ ಕರೆದರು. 1691ರಲ್ಲಿ ತೀರಿಕೊಂಡ ಕ್ರೂರ ಸರ್ಕಾರಿ ವಕೀಲ ಜಾರ್ಜ್ ಮೆಕೆಂಜಿಯ ಗೋರಿಯ ಮುಂದೆ ನಿಂತು ಎಡಿನ್‌ಬರೋದ ಪೋಕರಿ ಹುಡುಗರು, ಧೈರ್ಯವಿದ್ದರೆ ಹೊರಗೆ ಬಾ ಎಂದು ಕೂಗುತ್ತಿದ್ದದ್ದೂ ‘ಮೆಕಿಂಗಿ’ಯನ್ನೇ. ಕೊನೆಗೆ ಅಚ್ಚು ಗೆದ್ದಿತು, ನಾಲಿಗೆ ಸೋತಿತು. ಮೆಂಜೀಸ್ ಕುಲದವರು ಅಷ್ಟು ಸುಲಭವಾಗಿ ಸೋಲಲಿಲ್ಲ. ಸ್ಕಾಟ್ಲೆಂಡಿನಲ್ಲಿ ಅವರು ಇಂದಿಗೂ ‘ಮಿಂಗಿಸ್’. ಆಸ್ಟ್ರೇಲಿಯಾದ ಪ್ರಧಾನಿ ರಾಬರ್ಟ್ ಮೆಂಜೀಸರಿಗೆ ‘ಮಿಂಗ್’ ಎಂಬ ಅಡ್ಡಹೆಸರು ಅಂಟಿದ್ದೂ ಹಾಗೆಯೇ.

ತಪ್ಪಕ್ಷರ ಹೊತ್ತ ಹೆಸರು ಹಡಗು ಹತ್ತಿತು. ಲೂಯಿಸ್ ದ್ವೀಪದ ಸ್ಟೋರ್ನೊವೇ ಪಟ್ಟಣದಲ್ಲಿ ಹುಟ್ಟಿದ ಅಲೆಕ್ಸಾಂಡರ್ ಮೆಕೆಂಜಿ 1789ರಲ್ಲಿ ಪೆಸಿಫಿಕ್ ಸಾಗರ ಹುಡುಕುತ್ತ ಕೆನಡಾದ ಮಹಾನದಿಯೊಂದರಲ್ಲಿ ತೇಲಿ, ದಾರಿ ತಪ್ಪಿ ಆರ್ಕ್ಟಿಕ್ ಸಾಗರ ಮುಟ್ಟಿದ. ಈಗ ನದಿಗೆ ಅವನದೇ ಹೆಸರು. ಅದೇ ಪಟ್ಟಣದ ಕಾಲಿನ್ ಮೆಕೆಂಜಿ 1783ರಲ್ಲಿ ಮದರಾಸಿಗೆ ಬಂದ. 1799ರ ನಂತರ ಮೈಸೂರು ಸೀಮೆಯನ್ನು ಅಳೆದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ದೇಶಭಾಷೆ ಬಾರದಿದ್ದರೂ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸಹೋದರರನ್ನು ಕಟ್ಟಿಕೊಂಡು ಊರೂರಿನ ಕೈಫಿಯತ್ತು, ಅಂದರೆ ಸ್ಥಳವೃತ್ತಾಂತ, ಕೂಡಿಹಾಕಿಸಿದ. ಯಾವ ಪಾಳೆಯಗಾರನ ಅಜ್ಜ ಯಾವ ಮೃಗವನ್ನು ಕೊಂದು ಯಾವ ಬಿರುದು ಪಡೆದನೆಂಬ ಇಂಥ ಕಥೆಗಳನ್ನು ಮೆಕೆಂಜಿ ಕುಲದವನಷ್ಟು ಸಹಾನುಭೂತಿಯಿಂದ ಇನ್ನಾರು ಕೇಳಿಯಾರು?

ಅವನ ಬಳಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನಿದ್ದ, ಹಳಗನ್ನಡ ಶಾಸನ ಓದಬಲ್ಲವನು. ಎಡಿನ್‌ಬರೋದ ಮೊಳೆಪೆಟ್ಟಿಗೆಯಲ್ಲಿ ಇಲ್ಲದ ಅಕ್ಷರ ಅವನ ವರ್ಣಮಾಲೆಯಲ್ಲಿ, ಚವರ್ಗದ ತುದಿಯಲ್ಲಿ, ಮಾಡಲು ಕೆಲಸವಿಲ್ಲದೆ ಕುಳಿತಿತ್ತು. ಸಾಹೇಬರ ಹೆಸರನ್ನು ‘ಮೆಕೆಞಿ’ ಎಂದು ತಿದ್ದಿ ಕೊಡುವಂತೆ ಅವನನ್ನು ಯಾರೂ ಕೇಳಿದಂತಿಲ್ಲ. ‘ಞ’ ಇಂದಿಗೂ ‘ಜ್ಞಾನ’ದ ಕಾಲಡಿಯಲ್ಲಿ ಒತ್ತಕ್ಷರವಾಗಿ ದಿನ ದೂಡುತ್ತಿದೆ.