ಎರಡನೇ ಪಂಕ್ತಿ

ರಾಯಬಾಗದಲ್ಲೊಂದು ಮದುವೆ. ಬೀಗರಿಗೆ ಬಫೆ ಕಂಡರಾಗದು. ಉದ್ದಕ್ಕೆ ತಾಡಪತ್ರಿ ಹಾಸಿ ಪಂಕ್ತಿ ಕೂಡಿಸಿದ್ದರು. ಗೋಧಿ ಹುಗ್ಗಿ, ಮೇಲೆ ತುಪ್ಪ, ಮಗ್ಗುಲಿಗೆ ಎಣಗಾಯಿ. ಕೂಡುವುದೇನೂ ಕಷ್ಟವಾಗಲಿಲ್ಲ, ಅರ್ಧ ದಾರಿ ಕಾಲು ಇಳಿಸಿತು, ಉಳಿದರ್ಧ ಭೂಮಿತಾಯಿಯೇ ಎಳೆದುಕೊಂಡಳು. ತಂಟೆ ಶುರುವಾದದ್ದು ಏಳುವಾಗ. ಬಲಗೈ ತುಂಬ ತುಪ್ಪ. ಎಡಗೈ ಊರೋಣವೆಂದರೆ ಪಕ್ಕದವರ ಪತ್ರಾವಳಿ. ಕಾಲು ಜೋಮು ಹಿಡಿದು ಯಾರದೋ ಕಾಲಿನಂತಾಗಿತ್ತು. ಬೆನ್ನ ಹಿಂದೆ ಎರಡನೇ ಪಂಕ್ತಿಯವರು ನನ್ನ ಜಾಗದ ಮೇಲೆ ಕಣ್ಣಿಟ್ಟು ನಿಂತಿದ್ದರು.

ಕಾಗವಾಡದ ನನ್ನ ಸೋದರತ್ತೆ, ಎಂಬತ್ತು ದಾಟಿದಾಕೆ, ಸೀರೆ ಝಾಡಿಸಿ ಎದ್ದೇಬಿಟ್ಟಳು. "ಏಳೋ ಯಪ್ಪಾ, ರಾತ್ರಿ ಊಟಕ್ಕೂ ಇಲ್ಲೇ ಕುಂದ್ರಾಂವೇನು?" ಕಡೆಗೆ ಇಬ್ಬರು ಹುಡುಗರು ಬಂದು ಕಬ್ಬಿನ ಹೊರೆಯಂತೆ ನನ್ನನ್ನು ಎತ್ತಿ ನಿಲ್ಲಿಸಿದರು.

ಚಿಕ್ಕೋಡಿಗೆ ಮರಳಿದ ಮೇಲೆ ಪುಣೆಯ ಮಗ ಫೋನಿನಲ್ಲಿ ಗಾಯಕ್ಕೆ ಉಪ್ಪು ಸವರಿದ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಅರಾವುಜೊ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿದ್ದಾರಂತೆ: ನೆಲಕ್ಕೆ ಕೂಡಲು 5 ಅಂಕ, ಏಳಲು 5. ಕೈಯೋ ಮೊಳಕಾಲೋ ಊರಿದರೆ ಒಂದೊಂದು ಅಂಕ ಕಡಿತ, ತೂರಾಡಿದರೆ ಅರ್ಧ. 51ರಿಂದ 80 ವಯಸ್ಸಿನ 2002 ಜನರನ್ನು ಗಮನಿಸಿ 2012ರಲ್ಲಿ ವರದಿ ಬರೆದರು. ಕಡಿಮೆ ಅಂಕದವರಲ್ಲಿ ಬೇಗ ಸತ್ತವರು ಹೆಚ್ಚು. ನಾನು ಪಡಸಾಲೆಯಲ್ಲಿ ಪರೀಕ್ಷೆಗೆ ಕೂತೆ. ಕೈ, ಮೊಳಕಾಲು, ಇನ್ನೊಂದು ಕೈ, ಗೋಡೆ, ಕೊನೆಗೆ ಹೆಂಡತಿಯ ಹೆಗಲು. ಹೆಗಲಿಗೆ ಎಷ್ಟು ಕಡಿತವೆಂದು ಆ ಪುಣ್ಯಾತ್ಮ ಹೇಳಿಲ್ಲ.

ನೆಲವೇನೂ ಒಂದೇ ದಿನ ದೂರವಾಗಲಿಲ್ಲ. ಮೊದಲು ಒಲೆ ಕಟ್ಟೆಯೇರಿತು, ಆಮೇಲೆ ತಾಟು ಟೇಬಲ್ಲಿಗೆ, ಕಡೆಗೆ ಕಮೋಡು ಬಂದು ಉಳಿದ ಒಂದು ಬೈಠಕ್ಕನ್ನೂ ತಪ್ಪಿಸಿತು. ಹಾಗಂತ ನೆಲಕ್ಕೆ ಕೂತವರೆಲ್ಲ ಗಟ್ಟಿ ಎನ್ನಲಾರೆ. ನಿಪ್ಪಾಣಿಯಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ದಿನವಿಡೀ ಬೀಡಿ ಕಟ್ಟುವ ಹೆಣ್ಣುಮಕ್ಕಳ ಬೆನ್ನು ಬೇರೆಯೇ ಕತೆ ಹೇಳುತ್ತದೆ. ಗುಟ್ಟು ಕೂಡುವುದರಲ್ಲಿಲ್ಲ, ಮತ್ತೆ ಮತ್ತೆ ಏಳುವುದರಲ್ಲಿದೆ.

ಅದನ್ನು ಕಂಡದ್ದು ಅಥಣಿಯಲ್ಲಿ, ಚಪ್ಪಲಿ ಕೊಳ್ಳಲು ಹೋದಾಗ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ನಮ್ಮ ಬೆಳಗಾವಿ ಜಿಲ್ಲೆಗೂ ಪಾಲು ಸಿಕ್ಕಿತು. ಹೆಸರು ಅವರದು, ಹೊಲಿಗೆ ನಮ್ಮದೂ. ನನಗಿಂತ ಹಿರಿಯ ಕುಶಲಕರ್ಮಿ ಚಕ್ಕಳಮಕ್ಕಳ ಹಾಕಿ ತೊಗಲು ಕೊಯ್ಯುತ್ತಿದ್ದರು. ನನ್ನ ಅಳತೆ ಹೇಳಿದೊಡನೆ ಒಂದು ಕೈಯಲ್ಲಿ ರಂಪಿಗೆ, ಇನ್ನೊಂದರಲ್ಲಿ ಅಟ್ಟೆ ಹಿಡಿದೇ ಸುರ್ರನೆ ಎದ್ದು ಮೇಲಿನ ಹಲಗೆಯಿಂದ ಜೋಡು ಇಳಿಸಿದರು. ಪೂರಾ ಐದಕ್ಕೆ ಐದು!

"ಹೆಂಗ ಏಳತೀರಿ ಕಾಕಾ?"

"ಗಿರಾಕಿ ಬಂದ್ರ ಏಳಬೇಕಲ್ರಿ."

ಅಂದಿನಿಂದ ನಮ್ಮ ಮನೆಯಲ್ಲೂ ಗಿರಾಕಿಯ ಏರ್ಪಾಡಾಗಿದೆ. ಮುಂಜಾನೆ ನಾನು ಚಾಪೆಯ ಮೇಲೆ ಪೇಪರು ಓದುತ್ತೇನೆ. ಹೆಂಡತಿ ಚಹಾ ತಂದು ಮಾಡದಲ್ಲಿಟ್ಟು ಸುಮ್ಮನೆ ಒಳಗೆ ಹೋಗುತ್ತಾಳೆ. ಸದ್ಯಕ್ಕೆ ನನ್ನದು ಏಳೂವರೆ. ಚಹಾ ಆರುವುದರೊಳಗೆ ಮುಟ್ಟಿದರೆ ಇನ್ನರ್ಧ ಅಂಕವೆಂದು ನಾನೇ ಸೇರಿಸಿಕೊಂಡಿದ್ದೇನೆ.